ಖಂಡನೆಯ ಸರದಿ ಹುಡುಗಿಗೂ ಸಿಗಲಿ: ಹೈಸ್ಕೂಲು ಚರ್ಚಾಸ್ಪರ್ಧೆಗೆ ತಯಾರಿ

ಮಳೆಗಾಲ ಅರ್ಧ ಕಳೆಯುತ್ತಿದ್ದಂತೆ ಹೈಸ್ಕೂಲುಗಳಲ್ಲಿ ಪ್ರತಿಭಾ ಕಾರಂಜಿಯ ಗಡಿಬಿಡಿ ಶುರು. ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟ ಹುಡುಗಿಯರು, ಅವರ ಆಯಿ-ಅಪ್ಪ, ತಯಾರು ಮಾಡಿಸುವ ಅಕ್ಕೋರುಗಳು ಪ್ರತಿವರ್ಷ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಗಟ್ಟಿಯಾಗಿ ವಾದಿಸಿದರೆ ಜೋರು ಹುಡುಗಿ ಅಂತಾರೆ, ಮೆತ್ತಗೆ ಮಾತಾಡಿದರೆ ದಮ್ಮಿಲ್ಲ ಅಂತಾರೆ. ಹಾಗಾದರೆ ಹೇಗೆ ಮಾತಾಡಬೇಕು?’

ಇದಕ್ಕೆ ಧ್ವನಿಯಲ್ಲಿ ಉತ್ತರ ಹುಡುಕಲು ಹೊರಟರೆ ದಾರಿ ತಪ್ಪಿತೆಂದೇ ಲೆಕ್ಕ. ತಯಾರಿ ಹೇಗೆ ನಡೆಯುತ್ತದೆ ನೋಡಿ. ಹುಡುಗಿಯ ಕೈಗೆ ಬರೆದ ಭಾಷಣ ಕೊಡುತ್ತಾರೆ. ಬಾಯಿಪಾಠ, ಉಚ್ಚಾರ, ನಿಲ್ಲುವ ಭಂಗಿ ಎಲ್ಲ ತಿದ್ದುತ್ತಾರೆ. ಎದುರಾಳಿಯ ಮಾತನ್ನು ಅಲ್ಲೇ ಒಡೆಯುವ ಕೆಲಸ ಬಂದಾಗ ‘ಅದಕ್ಕೆ ಹುಡುಗರು ಹೋಗಲಿ’ ಎನ್ನುತ್ತಾರೆ. ಮೂರು ವರ್ಷ ಸ್ಪರ್ಧೆಗೆ ಹೋಗಿಬಂದ ಹುಡುಗಿಗೂ ಹೀಗೆ ಖಂಡನೆಯ ರೂಢಿ ಆಗಿರುವುದಿಲ್ಲ. ಎದುರಿನವರು ಹೊಸ ಮಾತು ಎತ್ತಿದ ಕೂಡಲೇ ಬಾಯಿ ಕಟ್ಟುತ್ತದೆ. ನೋಡಿದವರು ‘ಹೆಣ್ಣುಮಕ್ಕಳ ಹಣೆಬರಹ ಇಷ್ಟೇ’ ಎನ್ನುತ್ತಾರೆ. ಅಭ್ಯಾಸ ಕೊಡದೇ ಇದ್ದದ್ದನ್ನು ಸ್ವಭಾವದ ಖಾತೆಗೆ ಬರೆಯುವ ಲೆಕ್ಕ ಇದು. ಖಂಡನೆ ಈಜಿನ ಹಾಗೆ, ಕೈಕಾಲು ಆಡಿಸಿ ಕಲಿಯುವಂಥದ್ದು. ಈ ಬರಹದ ಬಹುಪಾಲು ಅದಕ್ಕೇ ಮೀಸಲು.

ಎರಡು ಪದ ಮೊದಲೇ ತಿಳಿದಿರಲಿ. ನಿಮ್ಮ ಪಕ್ಷದ ವಾದವನ್ನು ಕಾರಣ, ಆಧಾರ ಸಮೇತ ಮುಂದಿಡುವುದು ಮಂಡನೆ. ಎದುರು ಪಕ್ಷದ ವಾದ ಯಾಕೆ ನಿಲ್ಲುವುದಿಲ್ಲ ಎಂದು ತೋರಿಸುವುದು ಖಂಡನೆ. ಎದುರಾಳಿಯನ್ನು ಹೀಯಾಳಿಸಿದರೆ ಅದು ಖಂಡನೆ ಆಗುವುದಿಲ್ಲ, ಅಂಕವೂ ಬರುವುದಿಲ್ಲ.

ಬೇಕಾದ ಸಾಮಾನು ಸ್ವಲ್ಪ: 200 ಪುಟದ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಸೆಕೆಂಡು ತೋರಿಸುವ ಗಡಿಯಾರ ಅಥವಾ ಮನೆಯ ಮೊಬೈಲು, ಎದುರಾಳಿಯಾಗಿ ನಿಲ್ಲಲು ಒಪ್ಪುವ ಗೆಳತಿಯೋ ತಮ್ಮನೋ. ಮೂರು ವಾರ ಸಿಕ್ಕರೆ ಧಾರಾಳ. ಒಂದೇ ವಾರ ಇದ್ದರೆ 2, 5 ಮತ್ತು 6ನೇ ಹಂತಕ್ಕೆ ಹೆಚ್ಚು ಸಮಯ ಕೊಡಿ.

1. ಸುತ್ತೋಲೆ ನೀವೇ ಓದಿ

‘ಸರ್ ಹೇಳಿದ್ದಾರೆ’ ಎಂಬುದನ್ನೇ ನಂಬಿ ಹೊರಡಬೇಡಿ. ಮುಖ್ಯ ಶಿಕ್ಷಕರಿಗೆ ಬಂದ ಸುತ್ತೋಲೆ ಕೇಳಿ ನಾಲ್ಕು ಸಂಗತಿ ಬರೆದುಕೊಳ್ಳಿ. ಒಬ್ಬರಿಗೆ ಎಷ್ಟು ನಿಮಿಷ? ಪರ-ವಿರೋಧ ಮೊದಲೇ ಗೊತ್ತೋ, ಅಲ್ಲೇ ಚೀಟಿ ಎತ್ತಬೇಕೋ? ಖಂಡನೆಗೆ ಬೇರೆ ಸಮಯ ಉಂಟೋ, ಮಂಡನೆಯ ಒಳಗೇ ಸೇರಿದೆಯೋ? ಅಂಕ ಯಾವ ಯಾವ ತಲೆಬರಹದ ಕೆಳಗೆ ಹಂಚಿಕೆಯಾಗುತ್ತದೆ?

ಕೊನೆಯದು ಎಲ್ಲಕ್ಕಿಂತ ಮುಖ್ಯ. ವಿಷಯ, ಭಾಷೆ, ನಿರೂಪಣೆ, ಖಂಡನೆ, ಸಮಯಪಾಲನೆ ಎಂಬಂಥ ಕಾಲಂಗಳು ಇರಬಹುದು. ‘ಹೆಣ್ಣುಮಗುವಿಗೆ ತಕ್ಕ ನಯ’ ಎಂಬ ಕಾಲಂ ಮಾತ್ರ ಯಾವ ಅಂಕಪಟ್ಟಿಯಲ್ಲೂ ಇರಲಾರದು. ನಗುಮುಖ, ತಗ್ಗಿದ ದನಿ, ಕೆಳಗಿನ ನೋಟ ಎಂದು ಯಾರಾದರೂ ಪಾಠ ಹೇಳಲು ಬಂದರೆ ಈ ಪಟ್ಟಿಯನ್ನು ನೆನೆಸಿಕೊಳ್ಳಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕಾರವಾರಕ್ಕೆ ಸೇರಿದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಶಿರಸಿಗೆ ಸೇರುತ್ತವೆ. ಸಿದ್ದಾಪುರದ ಹುಡುಗಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದರೆ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕೇನೋ ಎಂದು ಮನೆಯವರು ಮೊದಲೇ ಗಾಬರಿಯಾಗಿ ಬೇಡ ಎಂದುಬಿಡುವುದುಂಟು. ಎಲ್ಲಿ ನಡೆಯುತ್ತದೆಂದು ಕೇಳಿ ತಿಳಿದೇ ತೀರ್ಮಾನಿಸಿ.

ಇಂಗ್ಲಿಷ್‌ನಲ್ಲಿ ವರ್ಲ್ಡ್ ಸ್ಕೂಲ್ಸ್ ಮಾದರಿಯ ಸ್ಪರ್ಧೆಗೆ ಹೋಗುವವರಿಗೆ ಲೆಕ್ಕ ಬೇರೆ. ತಂಡದಲ್ಲಿ ಮೂವರು ಮಾತಾಡುತ್ತಾರೆ, ತಲಾ 8 ನಿಮಿಷ, ಕೊನೆಗೆ 4 ನಿಮಿಷದ ಉಪಸಂಹಾರ. 8 ನಿಮಿಷದ ಭಾಷಣದಲ್ಲಿ ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಎದುರು ತಂಡದವರು ಎದ್ದು ಪ್ರಶ್ನೆ ಕೇಳಬಹುದು. ಇದಕ್ಕೆ ಪಾಯಿಂಟ್ ಆಫ್ ಇನ್ಫರ್ಮೇಶನ್ ಎನ್ನುತ್ತಾರೆ. ಎದ್ದು ನಿಂತವರನ್ನು ಕೂರಿಸುವ ಹಕ್ಕು ಮಾತಾಡುತ್ತಿರುವವರಿಗೇ ಇದೆ. ‘ಈಗ ಬೇಡ’ ಎಂದು ಕೈ ತೋರಿಸಿ ಮುಂದುವರಿದರೆ ಅದು ಒರಟುತನವಲ್ಲ, ನಿಯಮ. ಒಂದೋ ಎರಡೋ ಪ್ರಶ್ನೆ ತೆಗೆದುಕೊಳ್ಳಿ, ಉಳಿದವರನ್ನು ಕೂರಿಸಿ. ಎದ್ದವರಿಗೆಲ್ಲ ಅವಕಾಶ ಕೊಡುತ್ತ ಹೋದರೆ ನಿಮ್ಮ ಸಮಯ ಅವರ ಪಾಲು.

2. ಯಾವ ಕೆಲಸ ನಿಮ್ಮದು ಎಂದು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಿ

ಇಬ್ಬರ ಅಥವಾ ಮೂವರ ತಂಡವಾದರೆ ಕೆಲಸದ ಹಂಚಿಕೆ ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳದೆ ಆಗಿಹೋಗಿರುತ್ತದೆ. ಅಕ್ಷರ ಚೆನ್ನಾಗಿದೆ ಎಂದು ಹುಡುಗಿ ಟಿಪ್ಪಣಿ ಬರೆಯುತ್ತಾಳೆ, ಪೇಪರ್ ಕಟಿಂಗ್ ಹುಡುಕುತ್ತಾಳೆ, ಮೊದಲ ಭಾಷಣ ಮಾಡುತ್ತಾಳೆ. ಖಂಡನೆಗೆ ಹುಡುಗ ಏಳುತ್ತಾನೆ, ಅವಳು ಬರೆದುಕೊಟ್ಟ ಚೀಟಿ ಓದುತ್ತಾನೆ. ಅಂಕ ಅವನಿಗೆ.

ಹೀಗೆ ಕೇಳಿ: ‘ಸರ್, ಅಭ್ಯಾಸದಲ್ಲಿ ಎಲ್ಲರೂ ಎಲ್ಲ ಸರದಿ ಮಾಡ್ತೇವೆ. ಯಾರು ಖಂಡನೆ ಮಾಡೋದು ಅಂತ ಐದನೇ ಅಭ್ಯಾಸದ ಮೇಲೆ ನೋಡುವ.’ ಇದರಲ್ಲಿ ಯಾರ ಮೇಲೂ ದೂರಿಲ್ಲ, ಆದ್ದರಿಂದ ಯಾರೂ ಬೇಡ ಎನ್ನುವುದು ಕಷ್ಟ. ‘ನನಗೆ ಯಾಕೆ ಕೊಡೋದಿಲ್ಲ?’ ಎಂದು ಆರಂಭಿಸಿದರೆ ಮಾತು ಖಂಡನೆಯನ್ನು ಬಿಟ್ಟು ನಿಮ್ಮ ಸಿಟ್ಟಿನ ಕಡೆಗೆ ತಿರುಗುತ್ತದೆ.

ಇನ್ನೊಂದು ಬಲೆ ಕಾರ್ಯಕ್ರಮದ ದಿನದ್ದು. ಪ್ರಾರ್ಥನೆ, ಸ್ವಾಗತಗೀತೆ, ಅತಿಥಿಗಳಿಗೆ ಹೂ ಕೊಡುವುದು, ಚಹಾ ಹಂಚುವುದು ಎಲ್ಲ ಹುಡುಗಿಯರ ಪಾಲಿಗೇ ಬರುತ್ತದೆ. ನಿಮ್ಮ ಶಾಲೆಯಲ್ಲೇ ಸ್ಪರ್ಧೆ ನಡೆಯುವುದಾದರೆ ಚರ್ಚೆಗೆ ಹೆಸರು ಕೊಟ್ಟ ಹುಡುಗಿಯನ್ನು ಆ ದಿನ ಉಳಿದ ಕೆಲಸಗಳಿಂದ ಬಿಡಬೇಕು. ಅರ್ಧ ಗಂಟೆ ಪ್ರಾರ್ಥನೆಯ ಸಾಲಿನಲ್ಲಿ ನಿಂತು, ಹಾರ ಹುಡುಕಿ ಓಡಾಡಿ ಬಂದವಳು ಚೀಟಿ ಎತ್ತಿದ ಮೇಲೆ ಹತ್ತು ನಿಮಿಷದಲ್ಲಿ ಯೋಚಿಸಬೇಕು. ಇತ್ತ ಅವಳ ಎದುರಾಳಿ ಬೆಳಿಗ್ಗೆಯಿಂದ ಮೂಲೆಯಲ್ಲಿ ಕೂತು ಓದುತ್ತಿರುತ್ತಾನೆ. ಇದನ್ನು ಶಿಕ್ಷಕರೇ ನೋಡಿಕೊಳ್ಳಬೇಕು, ಹುಡುಗಿ ಬೇಡಿಕೊಳ್ಳುವಂತಾಗಬಾರದು.

3. ವಿಷಯವನ್ನು ಎರಡೂ ಕಡೆಯಿಂದ ಒಡೆಯಿರಿ

ನೋಟ್‌ಬುಕ್ಕಿನ ಎಡಪುಟಕ್ಕೆ ಪರ, ಬಲಪುಟಕ್ಕೆ ವಿರೋಧ. ಎರಡೂ ಕಡೆ ತಲಾ ಐದು ಕಾರಣ ಬರೆದು, ಪ್ರತಿಯೊಂದರ ಕೆಳಗೆ ಒಂದು ಆಧಾರ ಹುಡುಕಿ. ಚೀಟಿಯಲ್ಲಿ ಯಾವ ಪಕ್ಷ ಬಂದರೂ ಸರಿ ಎನ್ನುವ ಧೈರ್ಯ ಬರುವುದು ಈ ಎರಡು ಪುಟದಿಂದ.

‘ಕರಾವಳಿಯ ಅಭಿವೃದ್ಧಿಗೆ ಹೊಸ ಬಂದರುಗಳು ಬೇಕು’ ಎಂಬ ವಿಷಯ ಹಿಡಿಯುವ. ವಿರೋಧ ಪಕ್ಷ ಬಂದ ಹುಡುಗಿಗೆ ಸಿಗುವ ಮೊದಲ ಸಲಹೆ: ‘ಮೀನುಗಾರ ಹೆಂಗಸರ ಕಣ್ಣೀರಿನ ಬಗ್ಗೆ ಹೇಳು, ಎಲ್ಲರ ಮನ ಕರಗ್ತದೆ.’ ಭಾವನೆ ಹುಡುಗಿಗೆ, ಅಂಕಿಅಂಶ ಹುಡುಗನಿಗೆ ಎಂಬ ಹಳೇ ಹಂಚಿಕೆ ಇದು. ಕಣ್ಣೀರನ್ನು ಬಿಟ್ಟು ಲೆಕ್ಕ ಹೇಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ ದಿನಗಳಲ್ಲಿ ಪೇಟೆಯಲ್ಲಿ ಮಾರಾಟಕ್ಕೆ ಬರುವ ಒಣಮೀನು ಅದಕ್ಕೆ ಮೊದಲೇ ದಂಡೆಯ ಮರಳಿನಲ್ಲಿ ಒಣಗಿದ್ದು, ಒಣಗಿಸಿದವರು ಬಹುಪಾಲು ಹೆಂಗಸರು. ದಂಡೆಯ ಜಾಗ ಹೋದರೆ ನಿಲ್ಲುವ ವ್ಯವಹಾರ ಯಾವುದು, ಯಾರದ್ದು ಎಂದು ಕೇಳಿದರೆ ಅದು ವಾದ. ‘ಅವರ ಗೋಳು ಕೇಳುವವರಾರು’ ಎಂದರೆ ಚಪ್ಪಾಳೆ ಸಿಕ್ಕೀತು, ಎದುರಾಳಿಗೆ ಒಡೆಯಲು ಏನೂ ಸಿಗಲಿಲ್ಲ ಎಂಬುದೂ ನಿಜ. ಆದರೆ ತೀರ್ಪುಗಾರರಿಗೆ ಬರೆದುಕೊಳ್ಳಲೂ ಏನೂ ಸಿಗುವುದಿಲ್ಲ.

ಮಹಿಳೆಯರ ವಿಷಯವೇ ಬಂದರೆ ಇನ್ನಷ್ಟು ನಿಖರವಾಗಿರಿ, ಯಾಕೆಂದರೆ ‘ತಾನು ಹುಡುಗಿ, ಅದಕ್ಕೇ ಹೀಗೆ ಹೇಳ್ತಾಳೆ’ ಎಂದು ತಳ್ಳಿಹಾಕುವುದು ಸುಲಭ. ಸಾಮಾನ್ಯವಾಗಿ ಎಡವುವ ಎರಡು ಜಾಗ:

ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ 2023ರ ಕಾಯ್ದೆಯನ್ನು ಅನೇಕರು ‘128ನೇ ತಿದ್ದುಪಡಿ’ ಎನ್ನುತ್ತಾರೆ. 128 ಎಂಬುದು ಮಸೂದೆಯ ಸಂಖ್ಯೆ. ಅಂಗೀಕಾರವಾದ ಮೇಲೆ ಅದು ಸಂವಿಧಾನದ 106ನೇ ತಿದ್ದುಪಡಿ. ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಜಾರಿ ಎಂಬ ಷರತ್ತು ಅದರೊಳಗೇ ಇದೆ. ಎರಡನೆಯದು ಆಸ್ತಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಮಗನಷ್ಟೇ ಹಕ್ಕು ಬಂದದ್ದು 2005ರಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ದೇಶಕ್ಕೆ ಅದು ಸರಿ. ಕರ್ನಾಟಕದಲ್ಲಿ 1994ರಲ್ಲೇ ರಾಜ್ಯದ ತಿದ್ದುಪಡಿ ಬಂದಿತ್ತು, ಮದುವೆಯಾಗಿದ್ದವರನ್ನು ಹೊರಗಿಟ್ಟು. ಎದುರಾಳಿಯ ಇಂಥ ಒಂದು ತಪ್ಪನ್ನು ಶಾಂತವಾಗಿ ತಿದ್ದಿದರೆ ಸಾಕು, ದನಿ ಏರಿಸುವ ಅಗತ್ಯವೇ ಬೀಳುವುದಿಲ್ಲ.

ಊರಿನ ದೊಡ್ಡವರ ಹೆಸರನ್ನು ಭಾಷಣದ ಕೊನೆಗೆ ಹೂವಿನ ಹಾಗೆ ಮುಡಿಸುವ ಚಾಳಿಯೂ ಬೇಡ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರ ಹೆಸರು ಹೇಳಿ ‘ಅಂಥವರ ನಾಡು ನಮ್ಮದು’ ಎಂದರೆ ಏನೂ ಸಾಬೀತಾಗುವುದಿಲ್ಲ. ವಿಷಯ ‘ಶಾಲೆಯ ಪದವಿಯೇ ಜ್ಞಾನದ ಅಳತೆ’ ಎಂದಿದ್ದು ನೀವು ವಿರೋಧವಾದರೆ ಆಗ ಅವರು ಆಧಾರ: ಶಾಲೆಗೆ ಹೋಗದವರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಗಿಡ ಬೆಳೆಸಿದವರು, ಬೀಜಕ್ಕೆ ಯಾವ ತಾಯಿಮರ ಒಳ್ಳೆಯದೆಂದು ಗುರುತಿಸಬಲ್ಲವರಾಗಿದ್ದರು, 2020ರ ಪದ್ಮಶ್ರೀ ಪುರಸ್ಕೃತರು.

4. ಬರೆಯುವಾಗ ನಿಮಿಷ ಎಣಿಸಿ

ಕನ್ನಡದಲ್ಲಿ ತಡಬಡಿಸದೆ ಮಾತಾಡಿದರೆ ನಿಮಿಷಕ್ಕೆ ಸುಮಾರು 90ರಿಂದ 110 ಪದ. ನಿಮ್ಮ ವೇಗ ತಿಳಿಯಲು ಪಠ್ಯಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿ, ಒಂದು ನಿಮಿಷಕ್ಕೆ ಎಲ್ಲಿಗೆ ಬಂದಿರಿ ಎಂದು ಗುರುತು ಹಾಕಿ, ಪದ ಎಣಿಸಿ. ನಾಲ್ಕು ನಿಮಿಷದ ಸರದಿಗೆ 330ರಿಂದ 350 ಪದ ಬರೆದರೆ ಸಾಕು. ಉಳಿದದ್ದು ಉಸಿರಿಗೆ, ಖಂಡನೆಯ ಒಂದೆರಡು ಸಾಲಿಗೆ.

‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಹೊರಟು ಅಧ್ಯಕ್ಷರು, ಅತಿಥಿಗಳು, ತೀರ್ಪುಗಾರರು, ಗುರುವೃಂದ, ನನ್ನ ನೆಚ್ಚಿನ ಸಹಪಾಠಿಗಳು ಎಲ್ಲರನ್ನೂ ಕರೆದು ಮುಗಿಸುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ. ‘ಅಧ್ಯಕ್ಷರೇ, ತೀರ್ಪುಗಾರರೇ, ಗೆಳೆಯರೇ’ ಸಾಕು. ‘ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ’ ಎಂಬ ಸಾಲನ್ನು ಹುಡುಗಿಯರ ಭಾಷಣಕ್ಕೆ ಯಾರೋ ಕಡ್ಡಾಯ ಮಾಡಿದ ಹಾಗೆ ಸೇರಿಸುತ್ತಾರೆ. ಹೊಡೆದುಹಾಕಿ. ಆರಂಭಕ್ಕೇ ಕ್ಷಮೆ ಕೇಳಿದವರ ಮಾತನ್ನು ಯಾರೂ ಗಟ್ಟಿ ಎಂದು ನಂಬುವುದಿಲ್ಲ.

5. ಖಂಡನೆ: ಎರಡು ಮನೆಯ ಹಾಳೆ, ನಾಲ್ಕು ಮೆಟ್ಟಿಲು

ಎ-4 ಹಾಳೆಯನ್ನು ಉದ್ದಕ್ಕೆ ಮಡಚಿ ಬಿಚ್ಚಿ. ಮಡಿಕೆಯ ಎಡಕ್ಕೆ ಎದುರಾಳಿ ಹೇಳಿದ್ದು, ನೀಲಿ ಪೆನ್ನು. ಬಲಕ್ಕೆ ನಿಮ್ಮ ಉತ್ತರ, ಕೆಂಪು ಪೆನ್ನು. ಇಂಗ್ಲಿಷ್ ಚರ್ಚೆಯವರು ಇದಕ್ಕೆ ಫ್ಲೋ ಎನ್ನುತ್ತಾರೆ. ಎಡಮನೆಯಲ್ಲಿ ವಾಕ್ಯ ಬರೆಯಬೇಡಿ, ಮೂರು ಪದ ಸಾಕು: ‘ಬಂದರು – ಉದ್ಯೋಗ – ಸಾವಿರಾರು’. ಪೂರ್ತಿ ಬರೆಯಲು ಹೋದವರು ಎರಡನೇ ಅಂಶ ಬರೆಯುವಾಗ ನಾಲ್ಕನೆಯದನ್ನು ಕೇಳಿಸಿಕೊಂಡೇ ಇರುವುದಿಲ್ಲ. ಎದುರಾಳಿ ಮಾತು ಮುಗಿಸಿದ ಮೇಲೆ ಎಡಮನೆಯಲ್ಲಿ ಎರಡಕ್ಕೆ ಮಾತ್ರ ಸುತ್ತು ಹಾಕಿ: ಅವರ ವಾದ ಯಾವುದರ ಮೇಲೆ ನಿಂತಿದೆಯೋ ಆ ಎರಡು. ಐದಕ್ಕೂ ಉತ್ತರ ಕೊಡಲು ಹೋದರೆ ಐದೂ ಅರ್ಧಂಬರ್ಧ.

ಒಂದು ಖಂಡನೆಗೆ ನಾಲ್ಕು ಮೆಟ್ಟಿಲು, ಒಟ್ಟು 25ರಿಂದ 30 ಸೆಕೆಂಡು. ಅವರ ಮಾತನ್ನು ಅವರದೇ ಪದದಲ್ಲಿ ಎತ್ತಿಕೊಳ್ಳಿ. ಎಲ್ಲಿ ತೂತಿದೆ ಎಂದು ಹೇಳಿ. ಆಧಾರ ಕೊಡಿ. ಅದರಿಂದ ವಿಷಯಕ್ಕೆ ಏನಾಯಿತು ಎಂದು ಹೇಳಿ ಮುಗಿಸಿ. ಹೀಗೆ:

‘ಬಂದರಿನಿಂದ ಸಾವಿರಾರು ಉದ್ಯೋಗ ಬರುತ್ತದೆ ಎಂದರು. ಯಾವ ಉದ್ಯೋಗ, ಯಾರಿಗೆ ಎಂದು ಹೇಳಲಿಲ್ಲ. ಕ್ರೇನು ನಡೆಸುವ ಕೆಲಸ ಬೇರೆ, ದಂಡೆಯಲ್ಲಿ ಮೀನು ಒಣಗಿಸಿ ಮಾರುವ ಕೆಲಸ ಬೇರೆ. ದಂಡೆ ಹೋದರೆ ಎರಡನೆಯದು ಹೋಗುತ್ತದೆ, ಮೊದಲನೆಯದು ಅದೇ ಕೈಗಳಿಗೆ ಬರುವುದಿಲ್ಲ. ಬಂದ ಉದ್ಯೋಗ ಮಾತ್ರ ಎಣಿಸಿ ಹೋದದ್ದನ್ನು ಎಣಿಸದಿದ್ದರೆ ಅದು ಅರ್ಧ ಲೆಕ್ಕ.’

ಇದನ್ನು ಗಟ್ಟಿಯಾಗಿ ಓದಿ ನೋಡಿ. ‘ನೀವು’ ಎಂದು ಬೆರಳು ತೋರಿಸುವ ಪದವೇ ಇಲ್ಲ, ಕೂಗುವ ಜಾಗವೂ ಇಲ್ಲ, ಆದರೂ ಮೆತ್ತಗಿಲ್ಲ. ‘ಜೋರು’ ಎನ್ನಿಸಿಕೊಳ್ಳುವ ಭಯ ಇರುವವರಿಗೆ ಈ ಕಟ್ಟು ಬಹಳ ಉಪಯೋಗ, ಯಾಕೆಂದರೆ ಇಲ್ಲಿ ಪೆಟ್ಟು ಬೀಳುವುದು ವಾದಕ್ಕೆ. ಇನ್ನು ಪರ ಪಕ್ಷದವರು ಇದೇ ಖಂಡನೆಯನ್ನು ಎದುರಿಸುವುದು ಹೇಗೆ? ‘ದಂಡೆ ಹೋಗುತ್ತದೆ ಎಂದು ಊಹಿಸಿದ್ದಾರೆ, ಎಷ್ಟು ಹೋಗುತ್ತದೆ ಎಂದು ತೋರಿಸಿಲ್ಲ’ ಎಂದು ಆರಂಭಿಸಿ ನೋಡಿ. ಹೇಳಿದವರೇ ಆಧಾರ ಕೊಡಬೇಕು ಎಂಬ ಈ ನಿಯಮಕ್ಕೆ ಸಾಬೀತಿನ ಹೊಣೆ ಎನ್ನುತ್ತಾರೆ.

ಖಂಡನೆಯ ಪಾಠಶಾಲೆ ನಮ್ಮ ಜಿಲ್ಲೆಯಲ್ಲಿ ಬೇರೆ ಹುಡುಕಬೇಕಾಗಿಲ್ಲ: ತಾಳಮದ್ದಲೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ, ಎದುರು ಕೂತ ಅರ್ಥಧಾರಿಯ (ಪಾತ್ರವಾಗಿ ಮಾತಾಡುವವರ) ಮಾತನ್ನು ಎತ್ತಿಕೊಂಡು ತಿರುಗಿಸುವುದೇ ಕೆಲಸ. ಒಳ್ಳೆಯ ಅರ್ಥಧಾರಿ ಎದುರಾಳಿಯ ಅರ್ಧ ಮಾತನ್ನು ಮೊದಲು ಒಪ್ಪಿಕೊಳ್ಳುತ್ತಾನೆ, ಆಮೇಲೆ ಉಳಿದರ್ಧದಿಂದ ಅವನನ್ನು ಕಟ್ಟಿಹಾಕುತ್ತಾನೆ. ಅಂಬೆಯ ಪಾತ್ರ ಹಿಡಿದವರು ಭೀಷ್ಮನಿಗೆ ಕೊಡುವ ಉತ್ತರ ಕೇಳಿ, ಎಷ್ಟು ಹರಿತ! ಅದನ್ನು ಯಾರೂ ಹೆಣ್ಣಿಗೆ ಹೆಚ್ಚಾಯಿತು ಎನ್ನುವುದಿಲ್ಲ, ಭೇಷ್ ಎನ್ನುತ್ತಾರೆ. ಬಹುಕಾಲ ಆ ಮಾತು ಆಡಿದವರು ಗಂಡಸರೇ ಆಗಿದ್ದರೆಂಬುದು ಬೇರೆ. ಈಗ ಮಹಿಳೆಯರ ತಾಳಮದ್ದಲೆ ಕೂಟಗಳೂ ಇವೆ. ಹತ್ತಿರ ನಡೆದರೆ ಎರಡು ಮನೆಯ ಹಾಳೆ ಹಿಡಿದು ಹೋಗಿ ಕೂತುಕೊಳ್ಳಿ.

ಪ್ರಶ್ನೆಯಿಂದ ಖಂಡಿಸುವ ಕ್ರಮಕ್ಕೆ ದ್ರೌಪದಿ ಸಭೆಯಲ್ಲಿ ಎತ್ತಿದ ಪ್ರಶ್ನೆಗಿಂತ ಒಳ್ಳೆಯ ಮಾದರಿ ಇಲ್ಲ: ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ಜೂಜು ಸರಿಯೋ ತಪ್ಪೋ ಎಂಬ ದೊಡ್ಡ ಮಾತಿಗೆ ಅವಳು ಹೋಗಲಿಲ್ಲ. ಆಟದ ನಿಯಮದೊಳಗಿನ ಒಂದೇ ಒಂದು ಗಂಟು ಹಿಡಿದಳು. ಎದುರಾಳಿಯ ವಾದದಲ್ಲಿ ಅಂಥ ಒಂದು ಗಂಟು ಹುಡುಕಿ.

ಅಭ್ಯಾಸದ ಕ್ರಮ: ದಿನಕ್ಕೆ 20 ನಿಮಿಷ. ಗೆಳತಿ ಒಂದು ನಿಮಿಷ ಯಾವುದಾದರೂ ಪಕ್ಷ ಮಾತಾಡಲಿ. ನಿಮಗೆ ಯೋಚಿಸಲು 30 ಸೆಕೆಂಡು, ಖಂಡಿಸಲು 30 ಸೆಕೆಂಡು. ಹತ್ತು ಸರದಿ. ಮೊದಲ ವಾರ ಮನೆಯ ಸಣ್ಣ ವಿಷಯಗಳು ಸಾಕು: ‘ದೋಸೆಗಿಂತ ತೆಳ್ಳೇವು ಒಳ್ಳೆಯದು’, ‘ಭಾನುವಾರವೂ ಬೇಗ ಏಳಬೇಕು’. ಎರಡನೇ ವಾರದಿಂದ ಸ್ಪರ್ಧೆಯ ವಿಷಯ. ಮೂರನೇ ವಾರ ಗೆಳತಿ ಬೇಕೆಂದೇ ನಡುವೆ ಮಾತು ತುಂಡರಿಸಲಿ, ನಗಲಿ, ‘ಏನೂ ಕೇಳಿಸಲಿಲ್ಲ’ ಎನ್ನಲಿ. ವೇದಿಕೆಯಲ್ಲಿ ಇವು ಮೊದಲ ಸಲ ಎದುರಾಗಬಾರದು.

6. ಧ್ವನಿ ಮತ್ತು ಮೈಕು

ಹುಡುಗಿಯ ದನಿ ‘ಕೀರಲು’ ಎಂದವರ ಮಾತಿಗೆ ಗಂಟಲು ಒತ್ತಿ ದನಿ ದಪ್ಪ ಮಾಡಲು ಹೋಗಬೇಡಿ. ಎರಡನೇ ನಿಮಿಷಕ್ಕೆ ಗಂಟಲು ಕಟ್ಟುತ್ತದೆ. ಕೀರಲಾಗುವುದಕ್ಕೆ ಕಾರಣ ಬಹುತೇಕ ಉಸಿರು. ಒಂದೇ ಉಸಿರಿಗೆ ಉದ್ದ ವಾಕ್ಯ ಮುಗಿಸಲು ಹೋದಾಗ ಕೊನೆಯ ಪದಗಳಿಗೆ ಗಾಳಿ ಸಾಲದೆ ದನಿ ಮೇಲಕ್ಕೆ ಹೋಗುತ್ತದೆ. ವಾಕ್ಯಕ್ಕೆ ಹತ್ತು-ಹನ್ನೆರಡು ಪದ ಮಿತಿ ಇಡಿ, ಪೂರ್ಣವಿರಾಮಕ್ಕೆ ನಿಜವಾಗಿಯೂ ನಿಲ್ಲಿ, ವಾಕ್ಯದ ಕೊನೆಯ ಪದವನ್ನು ಕೆಳಗಿಳಿಸಿ. ಕೊನೆಗೆ ದನಿ ಏರಿದರೆ ಹೇಳಿಕೆಯೂ ಪ್ರಶ್ನೆಯ ಹಾಗೆ ಕೇಳಿಸುತ್ತದೆ.

ಮೈಕಿನ ಸ್ಟ್ಯಾಂಡು ನಿಮ್ಮ ಮೊದಲು ಮಾತಾಡಿದ ಎತ್ತರದವರ ಬಾಯಿಗೆ ಸರಿಯಾಗಿರುತ್ತದೆ. ಕತ್ತು ಎತ್ತಿ ಮಾತಾಡಬೇಡಿ. ತಿರುಪು ಸಡಿಲಿಸಿ, ಇಳಿಸಿ, ಬಿಗಿ ಮಾಡಿ. ಐದು ಸೆಕೆಂಡಿನ ಕೆಲಸ, ಹಿಂದಿನ ದಿನವೇ ಶಾಲೆಯ ಮೈಕಿನಲ್ಲಿ ಕಲಿತಿರಿ. ಬಾಯಿಗೂ ಮೈಕಿಗೂ ಒಂದು ಮುಷ್ಟಿ ಅಂತರ, ಸ್ವಲ್ಪ ಓರೆ. ನೇರ ಹಿಡಿದರೆ ಪ, ಭ, ಫ ಬಂದಾಗಲೆಲ್ಲ ‘ಭುಸ್’ ಎನ್ನುತ್ತದೆ. ಪೋಡಿಯಂ ನಿಮ್ಮ ಕುತ್ತಿಗೆಯ ತನಕ ಬರುವಷ್ಟು ಎತ್ತರವಿದ್ದರೆ ಪಕ್ಕಕ್ಕೆ ಬಂದು ನಿಲ್ಲಿ.

ನಮ್ಮ ಕಡೆಯ ವಿಶೇಷ ತೊಂದರೆ ಮಳೆ. ತಗಡಿನ ಶೀಟಿನ ಸಭಾಂಗಣದಲ್ಲಿ ಜಡಿಮಳೆ ಹಿಡಿದರೆ ಮೈಕಿದ್ದರೂ ಕೇಳಿಸದು, ಕರೆಂಟು ಹೋದರೆ ಮೈಕೂ ಇಲ್ಲ. ಕೂಗಬೇಡಿ. ಸಮಯಪಾಲಕರ ಕಡೆ ನೋಡಿ ‘ಮಳೆಯಿಂದ ಕೇಳಿಸುತ್ತಿಲ್ಲ, ಸಮಯ ನಿಲ್ಲಿಸಬಹುದೇ?’ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಒಪ್ಪದಿದ್ದರೆ ಮೂರು ಹೆಜ್ಜೆ ಮುಂದೆ ಬಂದು, ವಾಕ್ಯ ಚಿಕ್ಕದು ಮಾಡಿ, ನಿಧಾನ ಹೇಳಿ.

7. ಮನೆಯ ಮಾತು, ವೇದಿಕೆಯ ಮಾತು

ಹವ್ಯಕ ಮನೆಗಳಲ್ಲಿ ಹೆಂಗಸರ ಬಗ್ಗೆ ಮಾತಾಡುವಾಗ ನಪುಂಸಕಲಿಂಗ ಬಳಸುವುದು ರೂಢಿ: ಕೂಸು ಬಂತು, ಅಕ್ಕ ಹೇಳಿತು. ಮನೆಯಲ್ಲಿ ಅದು ಪ್ರೀತಿಯ ಮಾತೇ. ಆದರೆ ಬಿರುಸಿನ ಖಂಡನೆಯ ನಡುವೆ ‘ಆ ಮಂತ್ರಿ ಹೇಳಿತು’ ಎಂದು ಬಾಯಿಗೆ ಬಂದರೆ ಘಟ್ಟದಾಚೆಯ ತೀರ್ಪುಗಾರರು ಭಾಷೆಯ ಅಂಕ ಕಡಿಯುತ್ತಾರೆ. ‘ಅವರು ಹೇಳಿದರು’ ಎಂದು ಅಭ್ಯಾಸದಲ್ಲೇ ತಿದ್ದಿಕೊಳ್ಳಿ. ಮನೆಯಲ್ಲಿ ಕೊಂಕಣಿ ಆಡುವವರು ಬರೆದ ಭಾಷಣದಲ್ಲಿ ಗೆದ್ದು ಖಂಡನೆಯಲ್ಲಿ ತಡವರಿಸುವುದಕ್ಕೆ ಕಾರಣ ಕನ್ನಡದಲ್ಲಿ ಯೋಚಿಸುವ ರೂಢಿ ಕಡಿಮೆ ಇರುವುದು. ದಿನದ 20 ನಿಮಿಷದ ಅಭ್ಯಾಸ ಇದಕ್ಕೂ ಮದ್ದು. ಊರಿನ ಒಂದೆರಡು ಪದ, ಗಾದೆ ಇರಲಿ, ಅದು ದೋಷವಲ್ಲ.

8. ಹೋಗಿಬರುವುದು

ಎಷ್ಟೋ ಹುಡುಗಿಯರ ಸ್ಪರ್ಧೆ ಮುಗಿಯುವುದು ಮನೆಯ ಜಗಲಿಯಲ್ಲೇ: ‘ಕತ್ತಲಾದ ಮೇಲೆ ಹೇಗೆ ಬರ್ತಿ?’ ಈ ಪ್ರಶ್ನೆ ಬರುವ ಮೊದಲೇ ಉತ್ತರ ಕಾಗದದಲ್ಲಿರಲಿ. ಜೊತೆಗೆ ಬರುವ ಶಿಕ್ಷಕಿ ಯಾರು, ಹೋಗುವ ವಾಹನ ಯಾವುದು, ಚರ್ಚೆ ಎಷ್ಟು ಗಂಟೆಗೆ, ಕೊನೆಯ ಬಸ್ಸು ಎಷ್ಟು ಗಂಟೆಗೆ. ಚರ್ಚೆ ಮಧ್ಯಾಹ್ನವೇ ಮುಗಿದರೂ ಸಮೂಹ ನೃತ್ಯ ಮುಗಿಯುವ ತನಕ ಶಾಲೆಯ ವಾಹನ ಹೊರಡುವುದಿಲ್ಲ. ಚರ್ಚೆಯವರನ್ನು ಶಿಕ್ಷಕಿಯೊಬ್ಬರ ಜೊತೆ ಬಸ್ಸಿನಲ್ಲಿ ಮೊದಲೇ ಕಳಿಸಬಹುದೇ ಎಂದು ಕೇಳಿ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆಯಲ್ಲಿ ಹುಡುಗಿಯರಿಗೂ ಟಿಕೆಟಿನ ಹಣವಿಲ್ಲ. ಆಧಾರ್ ಕಾರ್ಡು ಬ್ಯಾಗಿನಲ್ಲಿರಲಿ. ದೇವಿಮನೆ, ಅರಬೈಲು ಘಟ್ಟ ದಾಟುವುದಿದ್ದರೆ ಮಳೆಗಾಲದಲ್ಲಿ ರಸ್ತೆ ಬಂದ್ ಇದೆಯೇ ಎಂದು ಬೆಳಿಗ್ಗೆ ವಿಚಾರಿಸಿ.

ಸಮವಸ್ತ್ರ ಸಾಕು. ವೇಲ್ ಎರಡೂ ಭುಜಕ್ಕೆ ಪಿನ್ ಹಾಕಿ. ಜಾರುವ ವೇಲನ್ನು ಸರಿಮಾಡುತ್ತ ಕೈ ಖಾಲಿಯಿಲ್ಲದೆ ಹಾಳೆ ತಿರುಗಿಸಲಾಗದು. ಗಾಜಿನ ಬಳೆ ಬೇಡ, ಪೋಡಿಯಂ ಮೇಲೆ ಕೈಯಿಟ್ಟಾಗಲೆಲ್ಲ ಮೈಕಿನಲ್ಲಿ ಕಣಕಣ. ಬ್ಯಾಗಿನಲ್ಲಿ ನೀರು, ಒಂದು ಸ್ಯಾನಿಟರಿ ಪ್ಯಾಡು, ಒಣಗಿದ ಸಾಕ್ಸು.

9. ಮಾತಾಡುವಾಗ ಅಡ್ಡಿ ಬಂದರೆ

ಎದುರಾಳಿ ನಡುವೆ ಬಾಯಿ ಹಾಕಿದರೆ ಅವನ ಕಡೆ ತಿರುಗಬೇಡಿ. ಮಾತು ನಿಲ್ಲಿಸಿ, ಅಧ್ಯಕ್ಷರನ್ನು ನೋಡಿ, ‘ನನ್ನ ಸರದಿ ಇನ್ನೂ ಮುಗಿದಿಲ್ಲ’ ಎಂದು ಒಂದೇ ಸಲ ಹೇಳಿ ಮುಂದುವರಿಸಿ. ‘ಅಡುಗೆಮನೆ ಬಿಟ್ಟು ಬಂದವರಿಗೆ ಇದೆಲ್ಲ ಅರ್ಥವಾಗದು’ ಎಂಬಂಥ ಮಾತು ಬಂದರೆ ಖುಷಿಪಡಿ, ಅವನ ಹತ್ತಿರ ವಾದ ಮುಗಿದಿದೆ. ‘ನನ್ನ ಎರಡನೇ ಅಂಶಕ್ಕೆ ಉತ್ತರ ಇನ್ನೂ ಬಂದಿಲ್ಲ’ ಎಂದು ಹಾಳೆಯ ಕಡೆ ನೋಡಿ ಮುಂದೆ ಹೋಗಿ. ಅಳು ಬಂದರೆ ನೀರು ಕುಡಿಯಿರಿ. ನೀರು ನುಂಗುವಾಗ ಗಂಟಲಿನ ಬಿಗಿ ಸಡಿಲವಾಗುತ್ತದೆ.

ಸಭೆಯಿಂದ ಶಿಳ್ಳೆ, ಹೆಸರು ಕೂಗುವುದು, ವಿಡಿಯೊ ಮಾಡುವುದು ನಡೆದರೆ ಅದನ್ನು ಸಹಿಸುವ ಪರೀಕ್ಷೆ ಎಂದುಕೊಳ್ಳಬೇಡಿ. ಜೊತೆಗೆ ಬಂದ ಶಿಕ್ಷಕಿಗೆ ಆಗಲೇ ತಿಳಿಸಿ. ಆಮೇಲೂ ಯಾರಾದರೂ ಬೆನ್ನುಹತ್ತಿದರೆ ಮಕ್ಕಳ ಸಹಾಯವಾಣಿ 1098 ಇದೆ.

10. ತೀರ್ಪಿನ ನಂತರದ ಐದು ನಿಮಿಷ

ತೀರ್ಪುಗಾರರು ಹೊರಡುವ ಮೊದಲು ಹೋಗಿ ಕೇಳಿ: ‘ಸರ್, ಯಾವ ಕಾಲಂನಲ್ಲಿ ನನಗೆ ಅಂಕ ಕಡಿಮೆಯಾಯ್ತು?’ ‘ಸ್ವಲ್ಪ ಜೋರಾಯ್ತಮ್ಮ’ ಎಂದು ಉತ್ತರ ಬಂದರೆ ಇನ್ನೊಂದು ಪ್ರಶ್ನೆ: ‘ಯಾವ ವಾಕ್ಯ ಸರ್?’ ವಾಕ್ಯ ತೋರಿಸಿದರೆ ಬರೆದುಕೊಳ್ಳಿ. ಬಹುಶಃ ಅಲ್ಲಿ ವಾದ ಬಿಟ್ಟು ವ್ಯಕ್ತಿಗೆ ತಾಗಿದ್ದೀರಿ, ತಿದ್ದಿಕೊಳ್ಳುವಂಥದ್ದೇ. ವಾಕ್ಯ ತೋರಿಸಲಾಗದಿದ್ದರೆ ಆ ಟೀಕೆಯನ್ನು ನೋಟ್‌ಬುಕ್ಕಿಗೆ ಹತ್ತಿಸಬೇಡಿ.

ತೀರ್ಪುಗಾರರಾಗಿ ಹೋಗುವ ಶಿಕ್ಷಕರಿಗೂ ಒಂದು ಉಪಾಯ. ಟಿಪ್ಪಣಿ ಬರೆದ ಮೇಲೆ ಹೆಸರು ಅದಲುಬದಲು ಮಾಡಿ ಓದಿ. ಹುಡುಗನಿಗೆ ‘ಖಡಕ್ಕಾಗಿ ಮಾತಾಡಿದ’ ಎಂದು ಬರೆದದ್ದನ್ನೇ ಹುಡುಗಿಗೆ ‘ಆವೇಶ ಜಾಸ್ತಿ’ ಎಂದು ಬರೆದಿದ್ದರೆ ಅಂಕವನ್ನು ಮತ್ತೊಮ್ಮೆ ನೋಡಿ. ಉಡುಪು, ಜಡೆ, ನಗು ಕುರಿತ ಮಾತು ಯಾವ ಕಾಲಂಗೂ ಸೇರುವುದಿಲ್ಲ.

ಅದೇ ರಾತ್ರಿ, ನೆನಪು ಹಸಿಯಿರುವಾಗ, ಎರಡು ಮನೆಯ ಹಾಳೆಯನ್ನು ನೋಟ್‌ಬುಕ್ಕಿಗೆ ಅಂಟಿಸಿ ತಾರೀಖು ಹಾಕಿ. ಉತ್ತರ ಹೊಳೆಯದೆ ಬಲಮನೆ ಖಾಲಿ ಉಳಿದ ಸಾಲುಗಳಿಗೆ ಆಗ ಉತ್ತರ ಬರೆಯಿರಿ. ಪರ-ವಿರೋಧದ ವಿಷಯಗಳು ಎರಡು-ಮೂರು ವರ್ಷಕ್ಕೊಮ್ಮೆ ಬಟ್ಟೆ ಬದಲಿಸಿಕೊಂಡು ಮತ್ತೆ ಬರುತ್ತವೆ. ಹತ್ತನೇ ಕ್ಲಾಸು ಮುಗಿಸಿ ಹೊರಡುವಾಗ ಆ ನೋಟ್‌ಬುಕ್ಕನ್ನು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಕೊಟ್ಟುಹೋಗಿ.